ಆಚೆಗೆ ನಿಂತ ಕ್ರ್ಯಾಂಕ್
ಹಳೇ ಸ್ಟೀಲ್ ಸೈಕಲ್‌ಗೆ ಹೊಸ ಬಾಟಮ್ ಬ್ರಾಕೆಟ್ (ಬಿಬಿ, ಅಂದರೆ ಪೆಡಲ್ ತೋಳುಗಳು ಕೂರೋ ಅಚ್ಚು, ಬೇರಿಂಗ್‌ಗಳ ಜೋಡಣೆ) ಹಾಕೋಣ ಅಂತ ಬೆಳಿಗ್ಗೆಯೇ ಕೂತೆ. ಅದು ಕೂರೋ ಫ್ರೇಮಿನ ಕೊಳವೆ, ಅಂದರೆ ಶೆಲ್‌ನ ಅಗಲ ಅಳೆದೆ, 68 ಮಿಲಿಮೀಟರ್. ಬೇರಿಂಗ್ ಹಿಡಿದಿಡೋ ಬಲಗಡೆ ಕಪ್‌ನದು ಉಲ್ಟಾ ಥ್ರೆಡ್, ಬಿಚ್ಚಬೇಕಾದರೆ ಗಡಿಯಾರದ ಮುಳ್ಳಿನ ಕಡೆಗೇ ತಿರುಗಿಸಬೇಕು. ಗೊತ್ತಿದ್ದೂ ಐದು ನಿಮಿಷ ತಪ್ಪು ಕಡೆಗೆ ಜಗ್ಗಿದೆ, ಇರಲಿ.

ಕ್ರ್ಯಾಂಕ್, ಅಂದರೆ ಪೆಡಲ್ ತೋಳು, ಇಟಲಿಯ ಹಳೇ ಕಂಪನ್ಯೋಲೋ, ಐಎಸ್‌ಒ ಅಳತೆಯದು; ತಂದಿದ್ದು ಜಪಾನಿನ ಶಿಮಾನೋ ಬಿಬಿ, ಜೆಐಎಸ್ ಅಳತೆಯದು. ಎರಡೂ ಸ್ಕ್ವೇರ್ ಟೇಪರ್ (ತುದಿಗೆ ಕಿರಿದಾಗೋ ಚೌಕ ಜೋಡಣೆ), ಕಣ್ಣಿಗೆ ಒಂದೇ ಥರ. ಇಳಿಜಾರೂ ಒಂದೇ, 2 ಡಿಗ್ರಿ. ಆದರೆ ಜೆಐಎಸ್ ಸ್ಪಿಂಡಲ್‌ನ (ಅಚ್ಚಿನ) ತುದಿ ಐಎಸ್‌ಒಗಿಂತ ಒಂಚೂರು ದಪ್ಪ. ಆ ಒಂಚೂರಿಗೇ ಕ್ರ್ಯಾಂಕ್ ಪೂರ್ತಿ ಒಳಗೆ ಹೋಗದೆ ಸುಮಾರು 4.5 ಮಿಲಿಮೀಟರ್ ಆಚೆಗೆ ನಿಂತಿತು. ಬೋಲ್ಟ್ ಏನೋ ಬಿಗಿಯಾಯಿತು, ಅಲ್ಲೇ ಮೋಸ ಹೋದದ್ದು. ಓಡಿಸಿದರೆ ಚೈನ್ ಓರೆಯಾಗಿ ಎಳೆಯುತ್ತಿದೆ, ದೊಡ್ಡ ಗೇರಿಗೆ ಹಾಕಿದರೆ ಕರಕರ ಸದ್ದು.

'ಎಲ್ಲಾ ಒಂದೇ ಸಾರ್, ಕೂತ್ಕೊಳ್ಳುತ್ತೆ' ಅಂದಿದ್ದರು ಅಂಗಡಿಯಲ್ಲಿ. ನಾನೂ ಸುಮ್ನೆ ತಲೆಯಾಡಿಸಿ ತಂದಿದ್ದೆ. ಇಷ್ಟು ವರ್ಷ ತುಳಿದ ಸೈಕಲ್, ದಿನಾ ಒರೆಸ್ತೀನಿ ಬೇರೆ. ಆದರೂ ಕಾಲ ಕೆಳಗೇ ಇರೋ ಭಾಗದ ಅಳತೆ ನನಗೇ ಗೊತ್ತಿರಲಿಲ್ಲ ಅಲ್ವಾ ಅನ್ನಿಸಿತು.

ಈಗ 111 ಮಿಲಿಮೀಟರ್ ಉದ್ದದ ಸ್ಪಿಂಡಲ್ ಇರೋ ಐಎಸ್‌ಒ ಬಿಬಿ ಹುಡುಕುತ್ತಿದ್ದೇನೆ. ಅಲ್ಲಿವರೆಗೆ ಆಫೀಸಿಗೆ ಬಸ್ಸೇ ಗತಿ.