ವಿಳಾಸ ಇದ್ದವರ ಊರು

ಸಿಂಗಪುರದಲ್ಲಿ ನೆರೆಹೊರೆಗೂ ಒಂದು ಆಫೀಸಿದೆ. ಇಲ್ಲಿನ ಸರ್ಕಾರಿ ಫ್ಲಾಟುಗಳ, ಅಂದರೆ ಎಚ್‌ಡಿಬಿ ಬ್ಲಾಕುಗಳ ನೆಲಮಹಡಿಯನ್ನು ಗೋಡೆ ಕಟ್ಟದೆ ಬಯಲಾಗಿ ಬಿಟ್ಟಿರುತ್ತಾರೆ. ವಾಯ್ಡ್ ಡೆಕ್ ಅಂತ ಹೆಸರು. ಮಲಯರ ಮದುವೆಯೂ ಅಲ್ಲೇ, ಚೀನೀಯರ ಸಾವಿನ ಕ್ರಿಯೆಗಳೂ ಅಲ್ಲೇ, ಮುದುಕರ ಚೆಸ್ಸೂ ಅಲ್ಲೇ. ಅದರದೊಂದು ಮೂಲೆಯಲ್ಲಿ ಗಾಜಿನ ಬಾಗಿಲಿನ ಪುಟ್ಟ ಏಸಿ ಕೋಣೆ ಇರುತ್ತದೆ. ಕೊರೊನಾ ಕಾಲದಲ್ಲಿ ಅದರ ಹೆಸರು ನಿವಾಸಿಗಳ ಸಮಿತಿ (ರೆಸಿಡೆಂಟ್ಸ್ ಕಮಿಟಿ), ಎಲ್ಲರ ಬಾಯಲ್ಲಿ ಆರ್‌ಸಿ. 1978ರಿಂದ ನಡೆದು ಬಂದ ವ್ಯವಸ್ಥೆ ಇದು.

ನಾವು ಇಲ್ಲಿನ ಪುಂಗೋಲ್ ಬಡಾವಣೆಗೆ ಬಾಡಿಗೆಗೆ ಬಂದ ಹೊಸದರಲ್ಲಿ ನನ್ನ ಲೆಕ್ಕಕ್ಕೆ ಆರ್‌ಸಿ ಅಂದರೆ ಡುರಿಯನ್ ಹಣ್ಣು ತಿನ್ನುವ ಕೂಟ, ಮಲೇಷ್ಯಾಕ್ಕೆ ಒಂದು ದಿನದ ಬಸ್ ಟೂರು, ಕರೋಕೆ, ಇಷ್ಟೇ. ನೋಟಿಸ್ ಬೋರ್ಡಿನಲ್ಲಿ ಯಾವಾಗಲೂ ಸಂಸದರ ನಗುಮುಖ. ಇದೆಲ್ಲ ಆಳುವ ಪಕ್ಷ ನೆಟ್ಟ ಬೇರು ಅಂತ ವಿರೋಧ ಪಕ್ಷದವರು ದೂರುತ್ತಾರೆ. ಸುಮ್ಮನೆ ದೂರುವುದಲ್ಲ ಬಿಡಿ. ವಿರೋಧ ಪಕ್ಷ ಗೆದ್ದ ಕ್ಷೇತ್ರಗಳಲ್ಲೂ ಈ ಸಮಿತಿಗಳಿಗೆ ಸಲಹೆಗಾರರಾಗುವವರು ಆಳುವ ಪಕ್ಷದ ಕಡೆಯವರೇ. ಆದರೆ 2020ರಲ್ಲಿ ಕೊರೊನಾ ಬಂದಾಗ, ಯಾರ ಮನೆಯಲ್ಲಿ ಯಾರಿದ್ದಾರೆ, ಒಂಟಿ ಮುದುಕರು ಎಷ್ಟನೇ ಮಹಡಿಯಲ್ಲಿದ್ದಾರೆ ಅಂತ ಮೊದಲೇ ಗೊತ್ತಿದ್ದದ್ದು ಈ ಕರೋಕೆ ಮಂದಿಗೇ.

ಮೊದಲ ರೋಗಿ ಸಿಕ್ಕಿದ್ದು ಜನವರಿ 23ಕ್ಕೆ. ಫೆಬ್ರವರಿ ಮೊದಲ ವಾರಕ್ಕೆಲ್ಲ ಮನೆಗೆ ನಾಲ್ಕರಂತೆ ಮಾಸ್ಕ್ ಹಂಚಲು ಆರ್‌ಸಿ ಕೋಣೆಗಳ ಮುಂದೆ ಮೇಜು ಹಾಕಿದ್ದರು. ಫೆಬ್ರವರಿ 7ರ ಶುಕ್ರವಾರ ಸರ್ಕಾರ ಅಪಾಯದ ಮಟ್ಟವನ್ನು ಕಿತ್ತಳೆಗೆ ಏರಿಸಿದ್ದೇ ತಡ, ಶಿಸ್ತಿಗೆ ಹೆಸರಾದ ಇದೇ ಜನ ಸೂಪರ್‌ಮಾರ್ಕೆಟ್ಟಿಗೆ ನುಗ್ಗಿ ಅಕ್ಕಿ, ನೂಡಲ್ಸ್, ಟಾಯ್ಲೆಟ್ ಪೇಪರ್ ಎಲ್ಲ ಬಳಿದುಕೊಂಡು ಹೋದರು. ನೀರು ಬಳಸುವ ನಮ್ಮಂಥವರಿಗೆ ಆ ಕೊನೆಯದರ ಚಿಂತೆ ಇರಲಿಲ್ಲ. ಅಕ್ಕಿಯದು ಇತ್ತು. ಮಾರನೇ ದಿನ ಪ್ರಧಾನಿ ಟೀವಿಯಲ್ಲಿ ಬಂದು ಇಂಗ್ಲಿಷು, ಚೀನೀ, ಮಲಯ್ ಮೂರೂ ಭಾಷೆಯಲ್ಲಿ ಸಮಾಧಾನ ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು.

ಮಾರ್ಚ್ ಕೊನೆಯಲ್ಲಿ ಸ್ಯಾನಿಟೈಸರ್ ಹಂಚಿದರು. ಟೆಮಾಸೆಕ್ ಪ್ರತಿಷ್ಠಾನದ ಖರ್ಚು, ಮನೆಗೆ 500 ಮಿಲಿಲೀಟರ್, ಬಾಟಲಿ ಮಾತ್ರ ನೀವೇ ತರಬೇಕು. ಆ ಸಾಲನ್ನು ನೀವು ನೋಡಬೇಕಿತ್ತು. ಸೋಯಾ ಸಾಸ್ ಬಾಟಲಿ, ಶಾಂಪೂ ಬಾಟಲಿ, ಮಗುವಿನ ನೀರಿನ ಬಾಟಲಿ, ಒಬ್ಬ ಅಂಕಲ್ ಕೈಯಲ್ಲಿ ಐದು ಲೀಟರ್ ಎಣ್ಣೆ ಕ್ಯಾನು. ಅದರ ತಳದಲ್ಲಿ ಅರ್ಧ ಲೀಟರ್ ಅಳೆದು ಸುರಿದ ಸ್ವಯಂಸೇವಕಿ ನಗಲೂ ಇಲ್ಲ, ಬಯ್ಯಲೂ ಇಲ್ಲ. ಒಂದೊಂದು ಮೀಟರಿಗೆ ಟೇಪು ಅಂಟಿಸಿದ ನೆಲದ ಮೇಲೆ ಎಲ್ಲರೂ ಸ್ಕೂಲ್ ಮಕ್ಕಳ ಹಾಗೆ ನಿಂತಿದ್ದೆವು. ಆ ವಾರವೇ ಯುಗಾದಿ. ದೇವಸ್ಥಾನಗಳಲ್ಲಿ ಪೂಜೆಗೆ ಜನ ಸೇರುವುದನ್ನು ನಿಲ್ಲಿಸುವ ಆದೇಶ ಆಗಲೇ ಹೊರಬಿದ್ದಿತ್ತು. ಅತ್ತ ಭಾರತಕ್ಕೆ ವಿಮಾನಗಳು ಬಂದ್, ಹಬ್ಬದ ದಿನವೇ ಅಲ್ಲಿ ಲಾಕ್‌ಡೌನ್ ಶುರು. ಶಿವಮೊಗ್ಗದಲ್ಲಿ ಅಪ್ಪ ಅಮ್ಮ ಇಬ್ಬರೇ. ಬೇವು ಬೆಲ್ಲ ತಿಂದಿರಾ ಅಂತ ಫೋನಿನಲ್ಲಿ ಕೇಳಿದರೆ ಅಮ್ಮ, "ಬೇವು ಇದೆ ಕಣೇ, ಬೆಲ್ಲ ತರೋಕೆ ನಿಮ್ಮಪ್ಪನ್ನ ಆಚೆ ಬಿಡಲಿಲ್ಲ" ಅಂದಳು.

ಏಪ್ರಿಲ್ 7ರಿಂದ ಇಲ್ಲಿಯೂ ಬಾಗಿಲು ಹಾಕಿತು. ಲಾಕ್‌ಡೌನ್ ಅನ್ನಲಿಲ್ಲ, ಸರ್ಕ್ಯೂಟ್ ಬ್ರೇಕರ್ ಅಂದರು. ಒಂದೇ ಮನೆಯವರಲ್ಲದವರು ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಂತಿಲ್ಲ. ಮಾಸ್ಕ್ ಇಲ್ಲದೆ ಹೊರಗೆ ಕಾಲಿಟ್ಟರೆ 300 ಡಾಲರ್ ದಂಡ. ಕೆಲವು ಜನನಿಬಿಡ ತರಕಾರಿ ಮಾರುಕಟ್ಟೆಗಳಿಗೆ ಗುರುತಿನ ಚೀಟಿಯ ಕೊನೆಯ ಅಂಕಿ ಸಮವೋ ಬೆಸವೋ ನೋಡಿ ಒಳಗೆ ಬಿಡುತ್ತಿದ್ದರು. ವಾಯ್ಡ್ ಡೆಕ್ಕಿನ ಕಲ್ಲುಬೆಂಚು, ಚೆಸ್ ಮೇಜುಗಳಿಗೆಲ್ಲ ಟೇಪು ಸುತ್ತಿದರು.

ನಮ್ಮ ಮೇಲಿನ ಮಹಡಿಯಲ್ಲಿ ಎಂಬತ್ತು ದಾಟಿದ ಚೀನೀ ಅಜ್ಜಿಯೊಬ್ಬರು ಒಬ್ಬರೇ ಇದ್ದರು. ಇಂಗ್ಲಿಷ್ ಬಾರದು. ಅವರಿಗೆ ಬರುತ್ತಿದ್ದದ್ದು ತಿಯೋಚ್ಯೂ ಅನ್ನುವ ಚೀನೀ ಆಡುಭಾಷೆ, ಜೊತೆಗೆ ಹಳೇ ಕಾಲದ ಸಂತೆ ಮಲಯ್. ಹಾಗಾಗಿ ಅವರಿಗೆ ಏನು ಬೇಕೆಂಬುದು ನನಗೆ ತಲುಪುತ್ತಿದ್ದದ್ದು ಪಕ್ಕದ ಮನೆಯ ಮಕ್‌ಚಿಕ್ ಮೂಲಕ. ಮಕ್‌ಚಿಕ್ ಅಂದರೆ ಮಲಯರಲ್ಲಿ ಹಿರಿಯ ಹೆಂಗಸನ್ನು ಕರೆಯುವ ರೀತಿ, ನಮ್ಮ ಚಿಕ್ಕಮ್ಮ ಇದ್ದ ಹಾಗೆ. ಅಜ್ಜಿ ಮಕ್‌ಚಿಕ್‌ಗೆ ಫೋನಿನಲ್ಲಿ ಮಲಯ್‌ನಲ್ಲಿ ಹೇಳುವುದು, ಮಕ್‌ಚಿಕ್ ನನಗೆ ಇಂಗ್ಲಿಷಿನಲ್ಲಿ ವಾಟ್ಸಾಪ್ ಮಾಡುವುದು, ನಾನು ಅಂಗಡಿಯಿಂದ ತಂದು ಅಜ್ಜಿಯ ಗ್ರಿಲ್ ಗೇಟಿಗೆ ಚೀಲ ನೇತುಹಾಕಿ ಬರುವುದು. ಒಂದು ಸಲ ತೋಫು ಬದಲು ಏನೋ ಬೇರೆ ಹೋಗಿ, ಆ ಗೊಂದಲ ಬಿಡಿಸಲು ಮೂರು ಮನೆಯವರೂ ಅರ್ಧ ಗಂಟೆ ಫೋನಿನಲ್ಲಿದ್ದೆವು. ವಾರಕ್ಕೊಮ್ಮೆ ಆರ್‌ಸಿಯಿಂದ ಒಬ್ಬರು ಬಂದು, ಗೇಟಿನಾಚೆ ನಿಂತು, ಅಜ್ಜಿಯ ಮಾತ್ರೆ ಡಬ್ಬಿ ನೋಡಿ ಹೋಗುತ್ತಿದ್ದರು. ರಂಜಾನ್ ಶುರುವಾದ ಮೇಲೆ ಸಂಜೆ ಹೊತ್ತು ನಮ್ಮ ಗೇಟಿನಲ್ಲೂ ಚೀಲ ಕಾಣತೊಡಗಿತು. ಒಳಗೆ ಪಾಂಡನ್ ಎಲೆಯ ಘಮದ ಕುಯೆ, ಅಂದರೆ ಮಲಯರ ಸಿಹಿತಿಂಡಿ. ನಾವು ಸಸ್ಯಾಹಾರಿಗಳೆಂದು ಅದರ ಮೇಲೆ ಚೀಟಿ: "ಮೊಟ್ಟೆ ಇಲ್ಲ". ಆ ವರ್ಷ ಮಸೀದಿಗಳು ಮುಚ್ಚಿದ್ದವು, ಗೇಲಾಂಗ್ ಸೆರಾಯ್‌ನ ರಂಜಾನ್ ಬಜಾರ್ ರದ್ದಾಗಿತ್ತು. ಹಾಗಾಗಿ ಮಕ್‌ಚಿಕ್‌ಗೆ ಕೈ ತುಂಬ ಬಿಡುವು, ನಮಗೆ ಬಾಯಿ ತುಂಬ ತಿಂಡಿ.

ನಮಗೆ ಏನೆಲ್ಲ ಸಿಕ್ಕಿತು, ಏನು ಸಿಗಲಿಲ್ಲ ಎನ್ನುವುದನ್ನೂ ಹೇಳಬೇಕು. ಸರ್ಕಾರ ಏಪ್ರಿಲ್‌ನಲ್ಲಿ ವಯಸ್ಕ ನಾಗರಿಕರಿಗೆ ಕೊಟ್ಟ ತಲಾ 600 ಡಾಲರ್ ನಮಗಿಲ್ಲ. ನಾವು ಕೆಲಸದ ಪಾಸಿನವರು, ಅದರಲ್ಲಿ ದೂರುವಂಥದ್ದೇನೂ ಇಲ್ಲ. ಆದರೆ ಅದೇ ತಿಂಗಳು ಬಂದ ತೊಳೆದು ಬಳಸುವ ಮಾಸ್ಕ್ ಸಿಕ್ಕಿತು, ಸ್ಯಾನಿಟೈಸರ್ ಸಿಕ್ಕಿತು. ಆರ್‌ಸಿಯವರು ನಾಗರಿಕರೋ ಅಲ್ಲವೋ ಹೇಳುವ ಕಾರ್ಡಿನ ಬಣ್ಣ ನೋಡಲಿಲ್ಲ. ನೋಡಿದ್ದು ವಿಳಾಸ. ಬ್ಲಾಕ್ ನಂಬರು, ಮಹಡಿ, ಮನೆ ಸಂಖ್ಯೆ ಇದ್ದರೆ ನೀವು ಈ ಊರಿನವರು.

ವಿಳಾಸ ಇಲ್ಲದವರೂ ಇದ್ದರು. ನಮ್ಮ ಪುಂಗೋಲ್‌ನಲ್ಲೇ ಇರುವ, ವಲಸೆ ಕಾರ್ಮಿಕರು ಉಳಿಯುವ ಎಸ್11 ಡಾರ್ಮಿಟರಿಯನ್ನು ಏಪ್ರಿಲ್ 5ರಂದು ಸರ್ಕಾರ ಪ್ರತ್ಯೇಕಿಸಿ ಬೀಗ ಹಾಕಿತು. ಒಳಗೆ ಸುಮಾರು 13,000 ಕಾರ್ಮಿಕರು. ಬಾಂಗ್ಲಾದೇಶ, ತಮಿಳುನಾಡು, ತೆಲುಗು ನಾಡಿನ ಹುಡುಗರು. ಒಂದು ಕೋಣೆಗೆ ಹತ್ತು, ಹದಿನೈದು, ಇಪ್ಪತ್ತು ಜನ, ಎರಡಂತಸ್ತಿನ ಮಂಚಗಳು, ಎಲ್ಲರಿಗೂ ಸೇರಿ ಒಂದೇ ಸಾಲು ಬಚ್ಚಲು. ಒಂದು ಮೀಟರ್ ದೂರದ ಟೇಪನ್ನು ಅಲ್ಲಿ ಎಲ್ಲಿ ಅಂಟಿಸುತ್ತೀರಿ? ದೇಶದಲ್ಲಿ ಡಾರ್ಮಿಟರಿಗಳಲ್ಲಿ ಇದ್ದವರು ಸುಮಾರು 3.23 ಲಕ್ಷ. ಏಪ್ರಿಲ್ 20ರಂದು ಒಂದೇ ದಿನ 1,426 ಹೊಸ ಸೋಂಕು, ಬಹುಪಾಲು ಅವರದೇ. ವರ್ಷದ ಕೊನೆಗೆ ರಕ್ತಪರೀಕ್ಷೆಗಳನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಡಾರ್ಮಿಟರಿಯವರಲ್ಲಿ ಶೇ 47 ಮಂದಿಗೆ ಸೋಂಕು ತಗುಲಿತ್ತೆಂದು ಸರ್ಕಾರವೇ ಹೇಳಿತು. ವಯಸ್ಸು ಚಿಕ್ಕದು, ಚಿಕಿತ್ಸೆಗೆ ಕೊರತೆ ಇರಲಿಲ್ಲ, ಸತ್ತವರು ಬಹಳ ಕಡಿಮೆ. ಅಷ್ಟರ ಮಟ್ಟಿಗೆ ಸರ್ಕಾರಕ್ಕೆ ಸಲ್ಲಬೇಕಾದ್ದು ಸಲ್ಲಬೇಕು.

ಆದರೆ ದಿನದ ಪ್ರಕಟಣೆಯಲ್ಲಿ ಎರಡು ಲೆಕ್ಕ ಬರುತ್ತಿತ್ತು. ಊರೊಳಗಿನ ರೋಗಿಗಳದು ಒಂದು, ಡಾರ್ಮಿಟರಿಯದು ಇನ್ನೊಂದು. ಮೊದಲನೆಯದು ಇಳಿದ ದಿನ ನಮ್ಮ ಬ್ಲಾಕಿನ ಗುಂಪಿನಲ್ಲಿ ಚಪ್ಪಾಳೆಯ ಚಿತ್ರಗಳು. ನಾನೂ ಹಾಕಿದ್ದೇನೆ. ಎರಡನೆಯ ಲೆಕ್ಕದಲ್ಲಿದ್ದವರು ಯಾರೆಂದು ಊರಿಗೆ ಕಂಡದ್ದು ಹುಲ್ಲಿನಿಂದ. ಹುಲ್ಲು ಕತ್ತರಿಸುವವರು ಬಾರದೆ ರಸ್ತೆ ಬದಿಯಲ್ಲೆಲ್ಲ ಅದು ಮೊಣಕಾಲೆತ್ತರ ಬೆಳೆದು, ಕಾಡುಹೂ ಬಿಟ್ಟು, ಚಿಟ್ಟೆ ಬಂದವು. ಜನ ಫೋಟೊ ತೆಗೆದು ಎಷ್ಟು ಚೆಂದ ಅಂದರು.

ಡಾರ್ಮಿಟರಿಗೆ ಆರ್‌ಸಿ ಇರಲಿಲ್ಲವಲ್ಲ, ಆ ಜಾಗಕ್ಕೆ ಬಂದವರು ಸ್ವಯಂಸೇವಾ ಗುಂಪಿನವರು. ಹೆಲ್ತ್‌ಸರ್ವ್, ಟಿಡಬ್ಲ್ಯೂಸಿ2, ಇಟ್ಸ್‌ರೇನಿಂಗ್‌ರೇನ್‌ಕೋಟ್ಸ್ ಇವರೆಲ್ಲ ಮಹಾಮಾರಿಗೆ ಮೊದಲಿನಿಂದಲೂ ಕಾರ್ಮಿಕರ ಜೊತೆ ಕೆಲಸ ಮಾಡುತ್ತಿದ್ದವರು, ಹಾಗಾಗಿ ಯಾರಿಗೆ ಫೋನ್ ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಮೊದಲ ದಿನಗಳಲ್ಲಿ ಊಟ ತಡವಾಗಿ, ಆರಿ, ಬಾಯಿಗೆ ಹೊಂದದಂತೆ ಬರುತ್ತಿತ್ತು. ಸೇನೆಯವರೂ ಅಧಿಕಾರಿಗಳೂ ಇಳಿದ ಮೇಲೆ ಅದು ಸುಧಾರಿಸಿತು. ನಮ್ಮ ಕನ್ನಡದ ಗೆಳತಿಯರ ಗುಂಪಿನಲ್ಲಿ ಹಣ ಕೂಡಿಸಿದಾಗ ಕೆಲವರು ಬಿಸ್ಕತ್ತು, ಸೋಪು, ಹಣ್ಣು ಅಂತ ಪಟ್ಟಿ ಮಾಡಿದ್ದೆವು. ಒಳಗಿನಿಂದ ಬಂದ ಕೋರಿಕೆ ಒಂದೇ: ಫೋನಿಗೆ ಟಾಪ್-ಅಪ್. ಊರಿಗೆ ಮಾತಾಡಬೇಕು, ಹೆಂಡತಿಗೆ ಮುಖ ತೋರಿಸಬೇಕು. ಬಿಸ್ಕತ್ತಿನ ಪಟ್ಟಿಯನ್ನು ಬದಿಗಿಟ್ಟೆವು. ತೆಲುಗು ಚೆನ್ನಾಗಿ ಬರುವ ಬಳ್ಳಾರಿ ಕಡೆಯ ಗೆಳತಿಯೊಬ್ಬಳು ವೈದ್ಯರಿಗೂ ಕಾರ್ಮಿಕರಿಗೂ ನಡುವೆ ಫೋನಿನಲ್ಲಿ ದುಭಾಷಿಯಾದಳು. ಎದೆ ನೋವೋ ಎದೆಯುರಿಯೋ ಅಂತ ಸರಿಯಾಗಿ ಕೇಳುವುದೇ ಒಂದು ಕೆಲಸ ಎನ್ನುತ್ತಿದ್ದಳು.

ಜೂನ್ 1ಕ್ಕೆ ಸರ್ಕ್ಯೂಟ್ ಬ್ರೇಕರ್ ಮುಗಿಯಿತು. ಆಮೇಲಿನದನ್ನೆಲ್ಲ ವಿವರಿಸಲು ಹೋಗುವುದಿಲ್ಲ, ನೀವೂ ಅನುಭವಿಸಿದ್ದೇ. 2021ರ ಏಪ್ರಿಲ್‌ನಲ್ಲಿ ನಮ್ಮ ಕಡೆ ಎರಡನೇ ಅಲೆ ಎದ್ದಾಗ ಇಲ್ಲಿ ಕೂತು ಬೆಂಗಳೂರಿನಲ್ಲಿ ಬೆಡ್ ಹುಡುಕಿದವರಲ್ಲಿ ನಾವೂ ಇದ್ದೆವು. ಆಗ ಮೈಸೂರಿನಲ್ಲಿದ್ದ ನನ್ನ ತಂಗಿಗೆ ಎಷ್ಟು ದುಡ್ಡು ಕೊಟ್ಟರೂ ಒಂದು ಆಕ್ಸಿಮೀಟರ್ ಸಿಗಲಿಲ್ಲ. ಜುಲೈನಲ್ಲಿ ಸಿಂಗಪುರದ ಪ್ರತಿ ಮನೆಗೂ ಒಂದೊಂದು ಆಕ್ಸಿಮೀಟರ್ ಪುಕ್ಕಟೆ ಕೊಟ್ಟರು. ಅಂಚೆಯಲ್ಲಿ ಬಂದ ಕಾಗದ ತೋರಿಸಿ, ಹಾಲು ಮೊಸರಿನ ಜೊತೆ ಸೂಪರ್‌ಮಾರ್ಕೆಟ್ಟಿನಿಂದ ತಂದೆ. ಮತ್ತೆ ಅದೇ, ವಿಳಾಸಕ್ಕೊಂದು.

ಡಾರ್ಮಿಟರಿಯವರು ಹೊರಗೆ ಬರಲು ಪಾಸ್ ಕೇಳಬೇಕೆಂಬ ನಿಯಮ ಹೋದದ್ದು 2022ರ ಜೂನ್ ಕೊನೆಗೆ. ಅಷ್ಟರಲ್ಲಿ ನಾವು ಊರಿಗೆ ಹೋಗಿ ಬಂದಾಗಿತ್ತು. ಆಮೇಲೂ ಭಾನುವಾರ ಮತ್ತು ರಜೆಯ ದಿನ ಲಿಟಲ್ ಇಂಡಿಯಾ, ಚೈನಾಟೌನ್, ಗೇಲಾಂಗ್ ಸೆರಾಯ್, ಜುರಾಂಗ್ ಈಸ್ಟ್ ಈ ನಾಲ್ಕು ಕಡೆಗೆ ಹೋಗುವುದಾದರೆ ಅವರಿಗೆ ಬೇರೊಂದು ಪಾಸ್ ಬೇಕಿತ್ತು, ದಿನಕ್ಕೆ 80,000 ಮಂದಿಗೆ ಮಾತ್ರ. ಅವೇ ಭಾನುವಾರಗಳಲ್ಲಿ ನಾವೂ ಕರಿಬೇವು, ಬದನೆಕಾಯಿ ತರಲು ಲಿಟಲ್ ಇಂಡಿಯಾಕ್ಕೆ ಹೋಗುತ್ತಿದ್ದೆವು. ನಮ್ಮನ್ನು ಯಾರೂ ಏನೂ ಕೇಳಲಿಲ್ಲ.