ಪಾರ್ಕಿಂಗ್‌ನಲ್ಲಿ ಕೇರೆ ಹಾವು

ನಿನ್ನೆ ರಾತ್ರಿ ಮುಂಬೈನ ಮುಲುಂಡ್‌ನಲ್ಲಿರುವ ನಮ್ಮ ಸೊಸೈಟಿ ಪಾರ್ಕಿಂಗ್‌ನಲ್ಲಿ ಹಾವು. ವಾಚ್‌ಮನ್ 'ಸಾಪ್, ಸಾಪ್' ಎಂದು ಕೂಗಿದ್ದೇ ತಡ, ಐದನೇ ಮಹಡಿಯವರೂ ಕಿಟಕಿ ಮುಚ್ಚಿದರು! ಊರಿಂದ ಬಂದಿರುವ ಅಮ್ಮ ಮಾತ್ರ ಕೆಳಗಿಳಿದು ನೋಡಿ, "ಕೇರೆ ಹಾವು ಕಣೋ. ಇಲಿ ಹುಡುಕಿಕೊಂಡು ಬಂದಿದೆ, ಬಿಡು" ಎಂದರು. ಇಲ್ಲಿಯವರು ಅದನ್ನು ಧಾಮಣ್ ಅನ್ನುತ್ತಾರೆ. ವಿಷವೇ ಇಲ್ಲ.

ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಬಗೆಯ ಹಾವುಗಳಿವೆ. ಜಾಸ್ತಿ ಜೀವ ತೆಗೆಯುವುದು ನಾಲ್ಕೇ. ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ. ಹಾಗಂತ ಭಯ ಸುಮ್ನೆ ಅನ್ನುವಂತೆಯೂ ಇಲ್ಲ. 2000ದಿಂದ 2019ರವರೆಗೆ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಎಂಬ ಅಂದಾಜಿದೆ. ಹೆಚ್ಚಿನವರು ಹಳ್ಳಿಯವರು. ಬರಿಗಾಲಲ್ಲಿ ಗದ್ದೆಗಿಳಿಯುವವರು, ನೆಲದ ಮೇಲೆ ಮಲಗುವವರು. ಕಟ್ಟುಹಾವು ನಿದ್ದೆಯಲ್ಲಿ ಕಚ್ಚಿದರೆ ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ. ಬೇಗ ಆಸ್ಪತ್ರೆ ಸೇರಿದರೆ ಪ್ರತಿವಿಷ ಉಂಟು. ದಾರಿಯೇ ದೂರ, ಅಲ್ವಾ? ಕಿಟಕಿ ಮುಚ್ಚಿದ್ದು ಮಾತ್ರ ನಾವು.

ಅಮ್ಮನ ಧೈರ್ಯವೂ ಕೇರೆಯವರೆಗೆ ಅಷ್ಟೇ ಬಿಡಿ. ಊರಲ್ಲಿ ನಾಗರ ಕಂಡರೆ ಅವರೂ ಓಡುತ್ತಾರೆ. ಮೊದಲು ಕೈ ಮುಗಿದು, ಆಮೇಲೆ.