ಕೋಬೆಯ ಶಾಲೆಯಲ್ಲಿ ಒಂದು ಗಣಿತ ಪಾಠ

ಜಪಾನಿನ ಕೋಬೆ ನಗರದಲ್ಲಿ ದಿಕ್ಕು ತಪ್ಪುವುದು ಕಷ್ಟ. ಉತ್ತರಕ್ಕೆ ರೊಕ್ಕೋ ಬೆಟ್ಟಸಾಲು, ದಕ್ಷಿಣಕ್ಕೆ ಸಮುದ್ರ, ಇವೆರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಚಾಚಿಕೊಂಡ ಊರು. ದಾರಿ ಕೇಳಿದರೆ ಅಲ್ಲಿನವರು ‘ಬೆಟ್ಟದ ಕಡೆ’, ‘ಸಮುದ್ರದ ಕಡೆ’ ಎಂದೇ ಹೇಳುತ್ತಾರೆ. ನಾನು ಹೋಗಬೇಕಿದ್ದ ಸರ್ಕಾರಿ ಪ್ರಾಥಮಿಕ ಶಾಲೆ ಬೆಟ್ಟದ ಕಡೆಗಿತ್ತು. ನವೆಂಬರ್ ತಿಂಗಳು, ಏರುದಾರಿಯ ಇಕ್ಕೆಲಗಳಲ್ಲಿ ಗಿಂಕೋ ಮರಗಳ ಎಲೆ ಹಳದಿ ತಿರುಗಿತ್ತು. ನಾಲ್ಕನೆಯ ತರಗತಿಯ ಗಣಿತ ಪಾಠವೊಂದನ್ನು ನೋಡುವುದು, ಆಮೇಲೆ ಅಲ್ಲಿನ ಶಿಕ್ಷಕರು ಆ ಪಾಠದ ಬಗ್ಗೆ ನಡೆಸುವ ಚರ್ಚೆಯಲ್ಲಿ ಕೂರುವುದು ನನ್ನ ಭೇಟಿಯ ಉದ್ದೇಶವಾಗಿತ್ತು. ನಾನೂ ಗಣಿತ ಕಲಿಸುವವನೇ ಆದ್ದರಿಂದ ಭಾಷೆ ಗೊತ್ತಿಲ್ಲದಿದ್ದರೂ ಬೋರ್ಡಿನ ಮೇಲಿನದು ಅರ್ಥವಾದೀತು ಎಂಬ ಧೈರ್ಯವಿತ್ತು. ಮಾತಿಗೆ ದುಭಾಷಿಯಾಗಿ ಸ್ಥಳೀಯ ಶಿಕ್ಷಕಿಯೊಬ್ಬರು ಜೊತೆಗಿದ್ದರು.

ಬಾಗಿಲಲ್ಲೇ ಬೂಟು ಬಿಚ್ಚಿ, ಅತಿಥಿಗಳಿಗೆಂದು ಇಟ್ಟಿದ್ದ ಚಪ್ಪಲಿ ಮೆಟ್ಟಿ ಒಳಗೆ ಹೋದೆವು. ಒಂದನೆಯ ತರಗತಿಯವರು ಬೇಸಿಗೆಯಲ್ಲಿ ಕುಂಡಗಳಲ್ಲಿ ಬೆಳೆಸಿದ್ದ ಬಳ್ಳಿಗಳನ್ನು ಒಣಗಿದ ಮೇಲೆ ಸುತ್ತಿ ಮಾಡಿದ ಬಳೆಯಾಕಾರದ ಅಲಂಕಾರಗಳು ಕಾರಿಡಾರಿನ ಗೋಡೆಯ ತುಂಬ ತೂಗುತ್ತಿದ್ದವು. ಮಧ್ಯಾಹ್ನದ ಊಟ ಮಕ್ಕಳ ಜೊತೆಗೇ ಆಯಿತು. ಬಿಳಿ ಮೇಲಂಗಿ, ಟೊಪ್ಪಿಗೆ, ಮಾಸ್ಕ್ ತೊಟ್ಟ ಆ ವಾರದ ಸರದಿಯ ಮಕ್ಕಳು ಪಾತ್ರೆಗಳನ್ನು ತರಗತಿಗೆ ಹೊತ್ತು ತಂದು, ಅಳತೆ ನೋಡಿಕೊಂಡು ಎಲ್ಲರಿಗೂ ಬಡಿಸಿದರು. ಶಾಲೆಯ ಊಟಕ್ಕೆಂದೇ ಆ ದೇಶದಲ್ಲಿ 1954ರಿಂದ ಕಾನೂನೊಂದು ಇದೆ. ಮಕ್ಕಳು ಉಣ್ಣುವ ಮೊದಲೇ ಅಂದಿನ ಅಡುಗೆಯನ್ನು ಮುಖ್ಯೋಪಾಧ್ಯಾಯರು ಉಂಡು ನೋಡಬೇಕು ಎಂಬ ಕಟ್ಟುಪಾಡು ನನಗೆ ಬಹಳ ಮೆಚ್ಚುಗೆಯಾಯಿತು. ಊಟದ ನಂತರ ಮಕ್ಕಳೇ ಪೊರಕೆ, ಒದ್ದೆ ಬಟ್ಟೆ ಹಿಡಿದು ಶಾಲೆ ಗುಡಿಸಿ ಒರೆಸಿದರು. ಜಪಾನಿನ ಶಾಲೆಗೆ ಹೋದವರೆಲ್ಲ ಈ ದೃಶ್ಯದ ಫೋಟೊ ತೆಗೆದು ಹೊಗಳುವುದರಿಂದ ಅದರ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಅಂದು ಕಂಡದ್ದರಲ್ಲಿ ಒಬ್ಬ ಶಿಕ್ಷಕನಿಗೆ ನಿಜವಾಗಿ ಬೇಕಾದದ್ದು ಅದಾದ ಮೇಲೆ ಶುರುವಾಯಿತು.

ಶುಚಿ ಕೆಲಸ ಮುಗಿದೊಡನೆ ಉಳಿದ ತರಗತಿಗಳ ಮಕ್ಕಳನ್ನೆಲ್ಲ ಮನೆಗೆ ಕಳುಹಿಸಲಾಯಿತು. ಉಳಿದದ್ದು ಒಂದೇ ತರಗತಿ, ಜೊತೆಗೆ ಇಡೀ ಶಾಲೆಯ ಶಿಕ್ಷಕವೃಂದ. ಒಬ್ಬರು ಪಾಠ ಮಾಡುವುದು, ಸಹೋದ್ಯೋಗಿಗಳೆಲ್ಲ ನಿಂತು ನೋಡುವುದು, ಆಮೇಲೆ ಕೂತು ಚರ್ಚಿಸುವುದು: ‘ಜುಗ್ಯೋ ಕೆಂಕ್ಯೂ’, ಅಂದರೆ ಪಾಠ ಅಧ್ಯಯನ ಎಂದು ಕರೆಯುವ ಈ ಪದ್ಧತಿಯ ಬೇರು ಮೇಜಿ ಚಕ್ರವರ್ತಿಯ ಕಾಲದಷ್ಟು (1868–1912) ಹಿಂದಕ್ಕೆ ಹೋಗುತ್ತದೆ. ಹೊರಜಗತ್ತು ಇದನ್ನು ಗಮನಿಸಿದ್ದು ಬಹಳ ತಡವಾಗಿ, 1990ರ ದಶಕದ ಕೊನೆಗೆ, ಜರ್ಮನಿ, ಜಪಾನ್ ಮತ್ತು ಅಮೆರಿಕದ ಎಂಟನೆಯ ತರಗತಿಯ ಗಣಿತ ಪಾಠಗಳನ್ನು ವೀಡಿಯೊ ಮಾಡಿ ಹೋಲಿಸಿದ ಅಧ್ಯಯನವೊಂದು ಹೊರಬಂದ ಮೇಲೆ. ಪಾಠಯೋಜನೆಯ ಪ್ರತಿಯನ್ನೂ ಮಕ್ಕಳು ಕೂರುವ ಸ್ಥಳದ ನಕ್ಷೆಯನ್ನೂ ನಮಗೆ ಮೊದಲೇ ಕೊಟ್ಟಿದ್ದರು. ಪಾಠದ ಅವಧಿ 45 ನಿಮಿಷ. ಆ ನಲವತ್ತೈದು ನಿಮಿಷಕ್ಕೆ ಬರೆದಿದ್ದ ಯೋಜನೆ ಹಲವು ಪುಟಗಳಷ್ಟಿದ್ದು, ಅದರಲ್ಲಿ ಹೆಚ್ಚಿನ ಜಾಗ ಹೋಗಿದ್ದುದು ಶಿಕ್ಷಕರು ಏನು ಹೇಳುತ್ತಾರೆ ಎಂಬುದಕ್ಕಲ್ಲ, ಮಕ್ಕಳು ಯಾವ ಯಾವ ರೀತಿಯಲ್ಲಿ ಉತ್ತರಿಸಬಹುದು ಎಂಬ ಊಹೆಗಳಿಗೆ.

ಶಿಕ್ಷಕರು ಬೋರ್ಡಿನ ಮೇಲೆ ಅಂಟಿಸಿದ್ದು ಒಂದೇ ಚಿತ್ರ. ಆರು ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಎತ್ತರದ ಆಯತದಲ್ಲಿ ಬಲಗಡೆಯ ಮೇಲಿನ ಮೂಲೆಯಿಂದ ಮೂರು ಅಗಲ, ಎರಡು ಎತ್ತರದ ತುಂಡನ್ನು ಕತ್ತರಿಸಿ ತೆಗೆದರೆ ಉಳಿಯುವ, ಇಂಗ್ಲಿಷಿನ ‘ಎಲ್’ ಅಕ್ಷರದಂಥ ಆಕೃತಿ. ಇದರ ವಿಸ್ತೀರ್ಣ ಎಷ್ಟು? ಆಯತದ ವಿಸ್ತೀರ್ಣವಷ್ಟೇ ಕಲಿತಿದ್ದ ಮಕ್ಕಳು ತಲೆ ತಗ್ಗಿಸಿ ಬರೆಯತೊಡಗಿದರು. ಸರ್ಕಾರ ಪ್ರತಿ ಮಗುವಿಗೂ ಕೊಟ್ಟಿರುವ ಟ್ಯಾಬ್ಲೆಟ್ಟುಗಳು ಅಂದು ಹೊರಗೆ ಬರಲೇ ಇಲ್ಲ. ಶಿಕ್ಷಕರು ಮಾತಾಡದೆ ಸಾಲುಗಳ ನಡುವೆ ತಿರುಗುತ್ತಾ, ಯಾರು ಯಾವ ದಾರಿ ಹಿಡಿದಿದ್ದಾರೆಂದು ತಮ್ಮ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಆಮೇಲೆ ಮಕ್ಕಳನ್ನು ಕರೆದದ್ದು ಕೈ ಎತ್ತಿದ ಕ್ರಮದಲ್ಲಲ್ಲ, ಆ ಗುರುತುಗಳ ಕ್ರಮದಲ್ಲಿ. ಮೊದಲ ಹುಡುಗ ಆಕೃತಿಯನ್ನು ಉದ್ದಕ್ಕೆ ಸೀಳಿ ಹದಿನೈದು ಮತ್ತು ಒಂಬತ್ತನ್ನು ಕೂಡಿಸಿದ. ಇನ್ನೊಬ್ಬಳು ಅಡ್ಡಕ್ಕೆ ಸೀಳಿ ಹದಿನೆಂಟಕ್ಕೆ ಆರು ಸೇರಿಸಿದಳು. ಮತ್ತೊಬ್ಬ ಇಡೀ ಆಯತದ ಮೂವತ್ತರಿಂದ ಕಾಣೆಯಾದ ಆರನ್ನು ಕಳೆದ. ಎಲ್ಲಕ್ಕೂ ಇಪ್ಪತ್ತನಾಲ್ಕೇ ಉತ್ತರ. ಪ್ರತಿ ವಿಧಾನದ ಪಕ್ಕದಲ್ಲೂ ಆ ಮಗುವಿನ ಹೆಸರಿನ ಆಯಸ್ಕಾಂತದ ಪಟ್ಟಿ ಅಂಟಿಕೊಂಡಿತು. ಎಡ ಅಂಚಿನಿಂದ ಹೊರಟು ಬಲ ಅಂಚಿಗೆ ಸರಿಯಾಗಿ ಮುಗಿದ ಆ ಬೋರ್ಡಿನ ಮೇಲೆ ಶಿಕ್ಷಕರು ಪಾಠದುದ್ದಕ್ಕೂ ಒಮ್ಮೆಯೂ ಡಸ್ಟರ್ ಆಡಿಸಲಿಲ್ಲ. ಯಾರ ಯೋಚನೆಯ ಮೇಲೆ ಯಾರದು ನಿಂತಿತು ಎಂಬುದು ಕೊನೆಯವರೆಗೂ ಕಾಣುವಂತಿತ್ತು.

ಕೊನೆಗೆ ಬಂದ ಹುಡುಗಿ ಕೂಡಿಸಲೂ ಇಲ್ಲ, ಕಳೆಯಲೂ ಇಲ್ಲ. ಮೇಲೆ ಚಾಚಿದ್ದ ಮೂರಕ್ಕೆ ಎರಡರ ತುಂಡನ್ನು ಕತ್ತರಿಸಿ, ತಿರುಗಿಸಿ, ಕೆಳಗಿನ ಭಾಗದ ಪಕ್ಕಕ್ಕೆ ಕೂಡಿಸಿ ಇಟ್ಟಳು. ಎಂಟಕ್ಕೆ ಮೂರರ ನೀಟಾದ ಆಯತ, ಒಂದೇ ಗುಣಾಕಾರ. ಮಕ್ಕಳಿಂದ ‘ಓಹ್’ ಎಂಬ ಉದ್ಗಾರ ಹೊರಟಿತು, ನನ್ನಿಂದಲೂ ಹೊರಟಿರಬೇಕು. ಶಿಕ್ಷಕರು ಹೊಗಳಲಿಲ್ಲ. “ಎಲ್ಲ ಎಲ್ ಆಕೃತಿಗಳಿಗೂ ಹೀಗೆ ಮಾಡಲು ಬರುತ್ತದೆಯೇ?” ಎಂದು ಕೇಳಿ ಸುಮ್ಮನೆ ನಿಂತರು. ಬರುವುದಿಲ್ಲ. ಮೇಲಿನ ತುಂಡಿನ ಅಗಲವೂ ಕೆಳಗಿನ ಭಾಗದ ಎತ್ತರವೂ ಎರಡೂ ಮೂರೇ ಆಗಿದ್ದರಿಂದ ಇಲ್ಲಿ ಹೊಂದಿಕೊಂಡಿತು ಎಂಬುದನ್ನು ಮಕ್ಕಳೇ ಹುಡುಕಿ ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು.

ಚರ್ಚೆಗೆ ಮೊದಲು ಸ್ವಲ್ಪ ಹೊತ್ತು ಸಿಬ್ಬಂದಿ ಕೊಠಡಿಯಲ್ಲಿ ಕೂತಿದ್ದೆವು. ಎಲ್ಲ ಶಿಕ್ಷಕರ ಮೇಜುಗಳೂ ಒಂದಕ್ಕೊಂದು ಅಂಟಿಕೊಂಡಿರುವ ಆ ದೊಡ್ಡ ಕೋಣೆಯಲ್ಲಿ ಯಾರೂ ಬಿಡುವಾಗಿ ಕಾಣಲಿಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಒಇಸಿಡಿ) 2018ರಲ್ಲಿ ನಡೆಸಿದ ಶಿಕ್ಷಕರ ಸಮೀಕ್ಷೆಯ ಪ್ರಕಾರ ಜಪಾನಿನ ಕೆಳ ಮಾಧ್ಯಮಿಕ ಶಾಲೆಯ (ಏಳರಿಂದ ಒಂಬತ್ತನೆಯ ತರಗತಿ) ಶಿಕ್ಷಕರು ವಾರಕ್ಕೆ 56 ಗಂಟೆ ದುಡಿಯುತ್ತಿದ್ದರು. ಸಮೀಕ್ಷೆಗೊಳಪಟ್ಟ ದೇಶಗಳಲ್ಲೆಲ್ಲ ಅದೇ ಅತಿ ಹೆಚ್ಚಾಗಿತ್ತು. ಪ್ರಾಥಮಿಕ ಶಾಲೆಯವರ ಲೆಕ್ಕವೂ ಆಗ 54 ಗಂಟೆ ದಾಟಿತ್ತು. ಈ ಪದ್ಧತಿಯನ್ನು ಬಾಯ್ತುಂಬ ಹೊಗಳುವವರು ಈ ಅಂಕಿಗಳನ್ನೂ ಜೊತೆಗೇ ಹೇಳುವುದು ನ್ಯಾಯ. ಪಾಠಕ್ಕೆ ತಯಾರಾಗುವ ಹೊತ್ತು ಎಲ್ಲಿಂದ ಬರುತ್ತದೆಂದು ಕೇಳಿದಾಗ ದುಭಾಷಿ ಮೇಡಂ ನಕ್ಕು, “ಸಂಜೆಯಿಂದ” ಎಂದಷ್ಟೇ ಹೇಳಿದರು.

ಇನ್ನೊಬ್ಬರ ತರಗತಿಯಲ್ಲಿ ಬಂದು ಕೂರುವವರು ಎಂದರೆ ಇನ್‌ಸ್ಪೆಕ್ಷನ್‌ಗೆ ಬಂದ ಅಧಿಕಾರಿಗಳು ಎಂಬುದಷ್ಟೇ ನನಗಿದ್ದ ಅನುಭವ. ಹಾಗಾಗಿ ಚರ್ಚೆಯಲ್ಲಿ ಶಿಕ್ಷಕರ ದನಿ, ನಡೆ, ಶಿಸ್ತುಗಳ ವಿಮರ್ಶೆ ನಡೆದೀತೆಂದು ಕಾದೆ. ಆ ವಿಷಯವನ್ನು ಯಾರೂ ಎತ್ತಲಿಲ್ಲ. ಮೊದಲು ಎದ್ದ ಶಿಕ್ಷಕಿ, ತಾವು ಪಾಠದುದ್ದಕ್ಕೂ ಕಿಟಕಿ ಪಕ್ಕದ ಒಬ್ಬಳೇ ಹುಡುಗಿಯನ್ನು ನೋಡುತ್ತಿದ್ದುದಾಗಿ ಹೇಳಿದರು. ಆಕೆ ಮೊದಲು ಬರೆದ ಉತ್ತರ ಇಪ್ಪತ್ತೆರಡು. ಆರೂ ಬದಿಗಳ ಉದ್ದ ಕೂಡಿಸಿದ್ದಳು, ಅಂದರೆ ಕಂಡುಹಿಡಿದದ್ದು ಸುತ್ತಳತೆಯನ್ನು. ಮೊದಲ ಹುಡುಗ ಬೋರ್ಡಿನ ಬಳಿ ವಿವರಿಸುವಾಗಲೂ ಆಕೆ ಅದನ್ನು ಅಳಿಸಲಿಲ್ಲ. ಪಕ್ಕದವನು ತನ್ನ ಪುಸ್ತಕದಲ್ಲಿ ಆಕೃತಿಯೊಳಗೆ ಒಂದೊಂದೇ ಚೌಕ ಗೆರೆ ಹಾಕಿ ಎಣಿಸುವುದನ್ನು ಕಂಡಾಗ ರಬ್ಬರ್ ಕೈಗೆತ್ತಿಕೊಂಡಳು. ಈ ಒಂದು ವರದಿಯ ಮೇಲೆ ಚರ್ಚೆ ಬಹಳ ಹೊತ್ತು ನಡೆಯಿತು. ಇಪ್ಪತ್ತೆರಡೂ ಇಪ್ಪತ್ತನಾಲ್ಕೂ ಹತ್ತಿರದ ಸಂಖ್ಯೆಗಳಾದ್ದರಿಂದ ಆಕೆಗೆ ತನ್ನ ಉತ್ತರದ ಮೇಲೆ ಅನುಮಾನ ಬಾರದೆ ಹೋಯಿತೇ, ಹಾಗಾದರೆ ಅಳತೆಗಳನ್ನೇ ಬದಲಿಸಬೇಕೇ ಎಂದು ಒಬ್ಬರು ಕೇಳಿದರು. ಅಗಲವನ್ನು ಏಳು ಮಾಡಿ, ಮೂಲೆಯಿಂದ ತೆಗೆಯುವ ತುಂಡನ್ನು ಹಾಗೆಯೇ ಬಿಟ್ಟರೆ ಸುತ್ತಳತೆ ಇಪ್ಪತ್ತನಾಲ್ಕು, ವಿಸ್ತೀರ್ಣ ಇಪ್ಪತ್ತೊಂಬತ್ತು ಆಗುತ್ತದೆ. ಆದರೆ ಆಗ ಮೇಲಿನ ತುಂಡಿನ ಅಗಲ ನಾಲ್ಕಾಗಿ, ಕತ್ತರಿಸಿ ಪಕ್ಕಕ್ಕೆ ಕೂಡಿಸುವ ದಾರಿ ಮುಚ್ಚಿಹೋಗುತ್ತದೆ ಎಂದು ಮತ್ತೊಬ್ಬರು ತಕ್ಷಣ ತೋರಿಸಿದರು. ಪಾಠ ಮಾಡಿದವರು ಆ ಮೂರು–ಮೂರನ್ನು ಬೇಕೆಂದೇ ಇಟ್ಟದ್ದಾಗಿ ಒಪ್ಪಿಕೊಂಡರು.

ನನ್ನ ಸರದಿ ಬಂದಾಗ, ನಕ್ಷೆಯಲ್ಲಿ ಗುರುತು ಹಾಕಿಕೊಂಡಿದ್ದರೂ ಇಪ್ಪತ್ತೆರಡನ್ನು ಬೋರ್ಡಿಗೆ ಏಕೆ ತರಲಿಲ್ಲ ಎಂದು ಕೇಳಿದೆ. ನಾಳೆಯ ಪಾಠವನ್ನು ಅದರಿಂದಲೇ ಆರಂಭಿಸುವುದಾಗಿಯೂ, ‘ಇಪ್ಪತ್ತೆರಡು ಎಂಬುದು ಈ ಆಕೃತಿಯಲ್ಲಿ ಯಾವುದರ ಅಳತೆ?’ ಎಂಬುದೇ ಮೊದಲ ಪ್ರಶ್ನೆಯೆಂದೂ ಅವರು ಹೇಳಿದರು. ಅಳತೆ ಬದಲಿಸುವ ವಿಷಯದಲ್ಲಿ ಸಭೆ ಒಮ್ಮತಕ್ಕೆ ಬರಲಿಲ್ಲ. ಮುಂದಿನ ವಾರ ಇದೇ ಪಾಠವನ್ನು ಪಕ್ಕದ ವಿಭಾಗದಲ್ಲಿ ಮಾಡಬೇಕಿದ್ದ ಯುವ ಶಿಕ್ಷಕಿ, ಆರರ ಆಕೃತಿಯನ್ನೇ ಮೊದಲು ಕೊಟ್ಟು, ಏಳರದ್ದನ್ನು ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳುವುದಾಗಿ ಹೇಳಿ ತಮ್ಮ ಯೋಜನೆಯ ಪ್ರತಿಯ ಮೇಲೆ ಪೆನ್ಸಿಲ್‌ನಿಂದ ತಿದ್ದಿಕೊಂಡರು.